ಕಲ್ಲು ಎತ್ತಿದ ಜಾಗ

ಜುಲೈ ೨೧, ೧೯೩೬. ಮಂಗಳವಾರ, ಮಧ್ಯಾಹ್ನ ೧

ಬೆಳಗಿನಿಂದ ಮೂರು ಸಲ ನಕ್ಷೆ ಬರೆಯುವ ಮೇಜು ಮಟ್ಟ ಮಾಡಿದೆ. ಮೂರು ಸಲವೂ ಗಾಳಿ ಕೆಡಿಸಿತು. ಬಿಸಿಲಿಗೆ ಹಾಳೆ ಉಬ್ಬುತ್ತದೆ. ಒಂದು ಮೂಲೆಗೆ ಪಿನ್ನು ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆ. ಹನ್ನೊಂದರ ಮೇಲೆ ದುರ್ಬೀನಿನಲ್ಲಿ ಕಾಣುವುದೆಲ್ಲ ಅಲ್ಲಾಡತೊಡಗುತ್ತದೆ. ಆಮೇಲೆ ನಾಲ್ಕರವರೆಗೆ ಕೆಲಸವಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಇದನ್ನು ಬರೆಯುವುದು.

ಈ ಹಾಳೆಯಲ್ಲಿ ಬರಬೇಕಾದ್ದು ಒಂದು ಕಣಿವೆ, ಒಂದು ಉಪ್ಪುತಗ್ಗು, ಏಳು ಒರತೆ. ಆರು ಒರತೆಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಏಳನೆಯದು ಕುರಿಗಾರ ಎರ್ರಮುನ್‌ನದು. ತಲೆನೋವು ಅದರದ್ದೇ.

ಇವತ್ತು ಅವನಲ್ಲಿ ಊಟ. ಕಡಲಾಚೆಯ ಬಾಸ್ಕ್ ಸೀಮೆಯಿಂದ ಮೂವತ್ತು ವರ್ಷದ ಹಿಂದೆ ಬಂದವನು. ಹೆಂಡತಿ ಗ್ರಾಶಿ, ಸಾವಿರದಿನ್ನೂರು ಕುರಿ, ಎರಡು ಕತ್ತೆ, ಒಂದು ನಾಯಿ. ಗ್ರಾಶಿ ಕಬ್ಬಿಣದ ಪಾತ್ರೆಯನ್ನು ಕೆಂಡದ ಗುಂಡಿಯಲ್ಲಿ ಹೂತು ಬ್ರೆಡ್ ಬೇಯಿಸುತ್ತಾಳೆ. ಮೊದಲ ತುಂಡು ನಾಯಿಗೆ, ಅದು ಅವರ ಪದ್ಧತಿ. ಎರಡನೆಯದು ನನಗೆ. ಅದು ಮರ್ಯಾದೆ.

"ನಕ್ಷೆಯವ್ರೆ, ಒಂದೇ ಮಾತು ಹೇಳ್ಬಿಡಿ. ನನ್ನ ಒರತೆ ಇಪ್ಪತ್ತೆರಡರಲ್ಲಿ ಇದ್ಯೋ ಇಲ್ವೋ?"

"ಹಾಳೆ ಮುಗೀಲಿ, ಹೇಳ್ತೀನಿ."

"ಇಲ್ಲಿ ನಿಂತು ನೋಡಿದ್ರೆ ಗೊತ್ತಾಗಲ್ವಾ?"

"ನೆಲದ ಮೇಲೆ ಗೆರೆ ಕಾಣೋ ಹಾಗಿದ್ರೆ ನಂಗ್ಯಾಕೆ ಸಂಬಳ ಕೊಡ್ತಿದ್ರು?"

ಗ್ರಾಶಿ ಪಾತ್ರೆ ತಿಕ್ಕುತ್ತಿದ್ದವಳು ತಲೆ ಎತ್ತಲಿಲ್ಲ. "ವರ್ಷ ವರ್ಷ ಆ ನೀರಿನ ಕೆಸರು ಬಾಚಿದ್ದು ನಾವು. ನಿಮ್ಮ ನಂಬರಿಗೇನು, ಬಾಯಾರಿಕೆ ಆಗತ್ತಾ?"

ಬ್ರೆಡ್ ಮುಗಿಸಿ ಎದ್ದು ಬಂದೆ. ಈ ಸೀಮೆಯನ್ನೆಲ್ಲ ಅರವತ್ತು ವರ್ಷದ ಹಿಂದೆ ಮೈಲಿ ಮೈಲಿಯ ಚೌಕ ಮಾಡಿ ನಂಬರು ಕೊಟ್ಟಿದ್ದಾರೆ. ಎರ್ರಮುನ್‌ನ ನೀರಿನ ಕಾಗದದಲ್ಲಿ ಒರತೆ ಇರುವುದು ಚೌಕ ೨೨ರಲ್ಲಿ ಎಂದಿದೆ. ಯಾವನೋ ಗುಮಾಸ್ತ ಅಂದಾಜಿನ ಮೇಲೆ ಬರೆದದ್ದು. ಅದರ ಪೂರ್ವಕ್ಕಿರುವ ೨೩ರ ಕಾಗದ ದನದ ಕಂಪನಿಯ ಹತ್ತಿರ ಇದೆ. ಈಗಿನ ಹೊಸ ಕಾನೂನಿನಲ್ಲಿ ನೀರು ಯಾರದೋ ಹುಲ್ಲೂ ಅವರದು. ಅಕ್ಟೋಬರ್ ೧೨ಕ್ಕೆ ಎಲ್ಕೊ ಪಟ್ಟಣದಲ್ಲಿ ವಿಚಾರಣೆ, ನನ್ನ ಹಾಳೆ ಇಟ್ಟುಕೊಂಡು. ಒರತೆ ೨೩ಕ್ಕೆ ಬಿದ್ದರೆ ಎರ್ರಮುನ್ ಕುರಿಗಳನ್ನು ಮಾರಬೇಕು. ಅರವತ್ತೊಂದನೇ ವಯಸ್ಸಿನಲ್ಲಿ ಇನ್ನೊಬ್ಬರ ಕುರಿ ಕಾಯಲು ಹೋಗಬೇಕು.

ನಾನು ಬೆಟ್ಟ ಅಳೆಯಲು ಬಂದವನು. ಇದೆಲ್ಲ ನನ್ನ ತಲೆಗೆ ಯಾಕೆ ಕಟ್ಟಿದರೋ.

ಜುಲೈ ೩೦. ಗುರುವಾರ

ಮೂರು ದಿನ ಹುಡುಕಿದೆವು. ಮೂಲೆಕಲ್ಲು ಸಿಗಲಿಲ್ಲ.

ಹಳೆಯ ಸರ್ವೆಯವರು ಪ್ರತಿ ಚೌಕದ ಮೂಲೆಯಲ್ಲೂ ಒಂದು ಕಲ್ಲು ನೆಟ್ಟು, ಅಂಚಿಗೆ ಉಳಿಯಿಂದ ಮೈಲಿ ಎಣಿಕೆಯ ಗೀರು ಹಾಕಿ ಹೋಗಿದ್ದಾರೆ. ಅವರ ಅಳತೆ ತಪ್ಪಿದ್ದರೂ ಸರಿ, ಕಲ್ಲು ನಿಂತಲ್ಲೇ ಮೂಲೆ. ಕೋರ್ಟೂ ಅದನ್ನೇ ಒಪ್ಪುತ್ತದೆ. ೨೨ ಮತ್ತು ೨೩ರ ನಡುವಿನ ಗೆರೆಯ ಕೆಳತುದಿಯ ಕಲ್ಲು ಒರತೆಯಿಂದ ಇನ್ನೂರು ಗಜ ಕೆಳಗೆ, ಸಣ್ಣ ಕೊರಕಲಿನ ಆಸುಪಾಸಿನಲ್ಲಿ ಇರಬೇಕು. ಕಲ್ಲು ಕೊರಕಲಿನ ಪೂರ್ವಕ್ಕಿದ್ದರೆ ಒರತೆ ೨೨ರಲ್ಲಿ. ಪಶ್ಚಿಮಕ್ಕಿದ್ದರೆ ೨೩ರಲ್ಲಿ. ಅಷ್ಟು ಸೂಕ್ಷ್ಮ.

ಒಂದೊಂದು ಸೇಜ್ ಪೊದೆಯ ಬುಡವನ್ನೂ ಕೋಲಿನಿಂದ ಕೆದಕಿದೆವು. ಎರಡು ಹಾವು ಸಿಕ್ಕವು.

ವಿಲ್ಲಿಸ್‌ಗೆ ಇದೆಲ್ಲ ತಮಾಷೆ. ಹನ್ನೊಂದು ವರ್ಷದಿಂದ ನನ್ನ ಅಳತೆಕೋಲು ಹಿಡಿಯುವವನು, ನನಗಿಂತ ಐದು ವರ್ಷ ದೊಡ್ಡವನು, ಇದೇ ಕಣಿವೆಯ ಮೂಲನಿವಾಸಿ, ಶೋಶೋನಿ.

"ಇಷ್ಟೊಂದು ಕಲ್ಲಿರೋ ಊರಲ್ಲಿ ಒಂದು ಕಲ್ಲು ಕಳ್ಕೊಂಡಿದೀರಲ್ಲ," ಎಂದ.

"ನಾನು ಕಳ್ಕೊಂಡಿಲ್ಲ, ಮಾರಾಯ."

"ನಮ್ಮಜ್ಜಿ ಆ ನೀರು ಕುಡೀತಿದ್ದಾಗ ಇದು ಇಪ್ಪತ್ತೆರಡೂ ಅಲ್ಲ, ಇಪ್ಪತ್ಮೂರೂ ಅಲ್ಲ. ಈಗ ಇಬ್ರು ಜಗಳ ಆಡ್ತಾರೆ, ಮೂರನೆಯವನು ಅಳೀತಾನೆ. ನಾನು ಕೋಲು ಹಿಡ್ಕೊಂಡಿದೀನಿ."

ಒರತೆಗೆ ಅವರ ಭಾಷೆಯಲ್ಲಿ ಹೆಸರೇನು ಎಂದು ಕೇಳಿದೆ. ನಕ್ಷೆಗೆ ಒಂದು ಹೆಸರು ಬೇಕಲ್ಲ. ಅದು ನಕ್ಷೆಗಲ್ಲ ಎಂದ. ಸರಿ, ಅದೂ ಇಲ್ಲ.

ಕಲ್ಲು "ಕಳೆದಿದೆ" ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಇನ್ನು ಸುತ್ತಲಿನ ಮೂಲೆಗಳಿಂದ ಅಳತೆ ಸರಪಳಿ ಹಿಡಿದು ಲೆಕ್ಕದಲ್ಲಿ ಗೆರೆ ಎಳೆಯಬೇಕು.

ಆಗಸ್ಟ್ ೬. ಗುರುವಾರ

ಸೇರುತ್ತಿಲ್ಲ.

ಉಪ್ಪುತಗ್ಗಿನ ಅಂಚಿನಲ್ಲಿ ಮೂರನೇ ಠಾಣೆ ಹಾಕಿ ಮೇಜಿಟ್ಟೆ. ಕಣಿವೆಯಂಚಿನ ಬೆಟ್ಟದ ನೆತ್ತಿಯ ಮೇಲೆ ಜೂನ್‌ನಲ್ಲಿ ನಾವೇ ಕಟ್ಟಿದ ಕಲ್ಲುಗುಪ್ಪೆ ಇದೆ, ಬಿಳಿ ಬಟ್ಟೆ ಸಮೇತ ಚೆನ್ನಾಗಿಯೇ ಕಾಣುತ್ತದೆ. ಮೊದಲೆರಡು ಠಾಣೆಗಳಿಂದ ಜೂನ್‌ನಲ್ಲೇ ಅದಕ್ಕೆ ಗೆರೆ ಎಳೆದಾಗಿದೆ. ಮೂರನೇ ಗೆರೆ ಬಂದು ಅದೇ ಚುಕ್ಕೆಯಲ್ಲಿ ಕೂಡಬೇಕು. ಕೂಡುವುದಿಲ್ಲ. ನಡುವೆ ತ್ರಿಕೋನ. ಕೂದಲೆಳೆಯಷ್ಟಿದ್ದರೆ ಸುಮ್ಮನಿರುತ್ತಿದ್ದೆ, ಇದು ಬಾರ್ಲಿ ಕಾಳಿನಷ್ಟಿದೆ.

ಆಗಸ್ಟ್ ೭

ಮತ್ತೆ ಮಾಡಿದೆ. ಅದೇ ಕಾಳು.

ಆಗಸ್ಟ್ ೯

ಹೊಸ ಹಾಳೆ. ಹೊಸ ಪಿನ್ನು. ಬೆಳಗಿನ ಐದೂವರೆಗೆ, ಗಾಳಿ ಏಳುವ ಮೊದಲೇ. ಅದೇ.

ವಿಲ್ಲಿಸ್ ಮೇಲೆ ಕೂಗಾಡಿದೆ, ಕೋಲು ಓರೆ ಹಿಡಿದಿದ್ದೀಯ ಎಂದು. ನೆತ್ತಿಯ ಗುಪ್ಪೆಗೆ ಗೆರೆ ಎಳೆಯಲು ಅವನ ಕೋಲೇ ಬೇಕಿಲ್ಲ. ಅವನು ಹೇಳಲಿಲ್ಲ. ಆಮೇಲೆ ನನಗೇ ನೆನಪಾಗಿ ನಾಚಿಕೆಯಾಯಿತು. ಕ್ಷಮೆ ಕೇಳಲಿಲ್ಲ. ಕಾಫಿ ಮಾಡಿಕೊಟ್ಟೆ.

ಆಗಸ್ಟ್ ೧೫. ಶನಿವಾರ

ಮುಖ್ಯಸ್ಥರ ಕಾಗದ ಬಂತು. ಹಾಳೆ ಯಾಕೆ ತಡ? ಮುಂದಿನ ವರ್ಷದಿಂದ ವಿಮಾನದಲ್ಲಿ ಫೋಟೋ ತೆಗೆದು ಆಫೀಸಿನಲ್ಲೇ ನಕ್ಷೆ ಮಾಡುವ ಯೋಜನೆ ಇದೆ, "ನಿಮ್ಮಂಥ ಅನುಭವಿಗಳಿಗೆ ಸೂಕ್ತ ಜಾಗ ನೋಡುತ್ತೇವೆ." ಅನುಭವಿ ಎಂದರೆ ಮುದುಕ ಎಂದು ಅರ್ಥ. ಐವತ್ತನಾಲ್ಕು ನನಗೆ.

ತಪ್ಪು ನನ್ನ ಕಣ್ಣಿನದೇ ಎಂಬ ಭಯ ಹೊಕ್ಕಿದೆ. ಬಲಗಣ್ಣು ಮುಚ್ಚಿ ನೋಡುತ್ತೇನೆ, ಎಡಗಣ್ಣು ಮುಚ್ಚಿ ನೋಡುತ್ತೇನೆ. ಗುಪ್ಪೆ ಎರಡೂ ಕಣ್ಣಿಗೆ ಒಂದೇ ಥರ, ನೆಟ್ಟಗೆ ನಿಂತು ಅಣಕಿಸುತ್ತದೆ. ಇಪ್ಪತ್ತಾರು ವರ್ಷ ಈ ಕಣ್ಣಿನ ಅನ್ನ ತಿಂದಿದ್ದೇನೆ.

ಉತ್ತರ ಬರೆದೆ. ಹರಿದೆ.

ಆಗಸ್ಟ್ ೨೭. ಎಲ್ಕೊ

ಕಣ್ಣಿನ ಡಾಕ್ಟರು ಪುಸ್ತಕ ಓದಲು ಮಾತ್ರ ಕನ್ನಡಕ ಬೇಕು ಎಂದರು. ದೂರದ ದೃಷ್ಟಿ ಹದ್ದಿನದಂತೆ. ಸಂತೋಷವಾಗಬೇಕಿತ್ತು. ಕಣ್ಣಿನದಲ್ಲದಿದ್ದರೆ ತಪ್ಪು ಯಾರದು? ಬೀದಿಯಲ್ಲಿ ನಿಂತು ಅದನ್ನೇ ಯೋಚಿಸಿದೆ. ಹೋಟೆಲಿನಲ್ಲಿ ಹೊಟ್ಟೆ ತುಂಬ ಕುರಿಮಾಂಸ ತಿಂದೆ, ರುಚಿ ಗೊತ್ತಾಗಲಿಲ್ಲ.

ಸೆಪ್ಟೆಂಬರ್ ೨. ಬುಧವಾರ, ಸಂಜೆ ೫

ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೇನೂ ತೋಚದೆ ಬೆಳಗ್ಗೆ ನೆತ್ತಿ ಹತ್ತಿದೆವು, ಮೂರೂವರೆ ಗಂಟೆ. ಗುಪ್ಪೆ ಇತ್ತು. ನಮ್ಮದಲ್ಲ. ನಮ್ಮದು ಸೊಂಟದೆತ್ತರ, ಅವಸರದಲ್ಲಿ ಪೇರಿಸಿದ್ದು. ಇದು ಆಳೆತ್ತರ. ಕಲ್ಲಿಗೆ ಕಲ್ಲು ಎಷ್ಟು ಚೊಕ್ಕ ಕೂತಿದೆ ಎಂದರೆ ಚಾಕು ತೂರಿಸಲೂ ಸಂದಿಲ್ಲ. ತುದಿಗೆ ನಮ್ಮದೇ ಬಿಳಿ ಬಟ್ಟೆ, ಒಗೆದು ಕಟ್ಟಿದ್ದು. ನಾವು ಬಂಡೆಯ ಮೇಲೆ ಕೊರೆದಿದ್ದ ಗುರುತು ಅಲ್ಲಿಂದ ನೂರಿಪ್ಪತ್ತು ಗಜ ದೂರದಲ್ಲಿ, ಬರಿದಾಗಿ ಬಿದ್ದಿತ್ತು.

ನಾಲ್ಕು ವಾರ. ಎರಡು ಹಾಳೆ. ಕಣ್ಣಿನ ಡಾಕ್ಟರು.

ಕುರಿಮಂದೆ ಪಕ್ಕದ ಇಳಿಜಾರಿನಲ್ಲೇ ಇತ್ತು. ಎರ್ರಮುನ್ ನಗುತ್ತಾ ಬಂದ.

"ನೋಡಿದ್ರಾ? ನಿಮಗೆ ಹೇಳಬಾರದು, ನೀವೇ ನೋಡ್ಬೇಕು ಅಂತ ಸುಮ್ನಿದ್ದೆ."

"ಇದನ್ನ ಕಟ್ಟಿದ್ದು ನೀನಾ?"

"ಜುಲೈನಲ್ಲಿ ಕಂಪನಿ ದನ ಮೈ ಉಜ್ಜಿ ನಿಮ್ಮದನ್ನ ಬೀಳಿಸ್ಬಿಟ್ಟಿತ್ತು. ಅಲ್ಲೇ ಕಟ್ಟೋಣ ಅಂದ್ರೆ ಕೆಳಗಿಂದ ಸರಿಯಾಗಿ ಕಾಣ್ತಿರ್ಲಿಲ್ಲ. ಈ ದಿಬ್ಬದ ಮೇಲಾದ್ರೆ ಉಪ್ಪುತಗ್ಗಿಂದಾನೂ ಕಾಣತ್ತೆ. ಮೇಲಿನ ಕಲ್ಲು ಪುಡಿ ಆಗತ್ತೆ ನಕ್ಷೆಯವ್ರೆ, ನಿಲ್ಲಲ್ಲ. ಒಳ್ಳೇ ಕಲ್ಲು ಕೆಳಗಿಂದ ತಂದೆ. ನಾಲ್ಕು ಸಲ, ಕತ್ತೆ ಮೇಲೆ."

ಈ ಬಾಸ್ಕ್ ಕುರಿಗಾರರಿಗೆಲ್ಲ ಈ ಹುಚ್ಚು ಇದೆ. ಒಬ್ಬರೇ ತಿಂಗಳುಗಟ್ಟಲೆ ಕೂತು ಬೇಸರಕ್ಕೆ ಕಲ್ಲು ಪೇರಿಸುತ್ತಾರೆ. ಆ ಗುಪ್ಪೆಗಳನ್ನು ಕಲ್ಲುಹುಡುಗರು ಎಂದು ಕರೆಯುತ್ತಾರೆ. ಒಬ್ಬೊಬ್ಬರ ಕೈಕೆಲಸ ಒಂದೊಂದು ಥರ, ದಾರಿಹೋಕರು ನೋಡಿ ಇಂಥವನದು ಎನ್ನುತ್ತಾರೆ. ಎರ್ರಮುನ್ ನನಗೆ ತನ್ನ ಅತ್ಯುತ್ತಮವಾದದ್ದನ್ನು ಕಟ್ಟಿಕೊಟ್ಟಿದ್ದ.

"ನಿನ್ನನ್ನ ಯಾರು ಕೇಳಿದ್ರು?" ಎಂದೆ. ಇನ್ನೂ ಏನೇನೋ ಅಂದೆ. ಕುರಿಗಳು ಮೇಯುವುದು ಬಿಟ್ಟು ನೋಡಿದವು. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಏನು ತಪ್ಪಾಯಿತು ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ ಎಂದು ಕಾಣುತ್ತದೆ.

"ಚೆನ್ನಾಗಿ ಕಾಣ್ಲಿ ಅಂತ," ಎಂದ, ಅಷ್ಟೇ.

ಸೆಪ್ಟೆಂಬರ್ ೩

ಗುಪ್ಪೆ ಬಿಚ್ಚಲು ಹೋದೆವು. ಎರ್ರಮುನ್ ತಾನೇ ಬಂದು ಬಿಚ್ಚತೊಡಗಿದ. ವಿಲ್ಲಿಸ್ ಅವನ ಕೈಯಿಂದ ಕಲ್ಲು ಇಸಿದುಕೊಂಡು ಹಳೆಯ ಗುರುತಿನ ಹತ್ತಿರ ಇಡುವುದು. ನಾನು ಬಂಡೆಯ ಮೇಲೆ ಕೂತು ಮುಖ ಊದಿಸಿಕೊಂಡಿದ್ದೆ.

ಅರ್ಧ ಮುಗಿದಾಗ ವಿಲ್ಲಿಸ್ ಒಂದು ಕಲ್ಲನ್ನು ತಂದು ನನ್ನ ತೊಡೆಯ ಮೇಲೆ ಇಟ್ಟ. ಚಪ್ಪಟೆ, ಮೊಳದುದ್ದ. ಒಂದು ಅಂಚಿಗೆ ಎರಡು ಗೀರು. ಪಕ್ಕದ ಅಂಚಿಗೆ ಎರಡು ಗೀರು. ಉಳಿಯಿಂದ ಕೆತ್ತಿದವು.

ನಾವು ಹುಡುಕಿದ ಮೂಲೆಕಲ್ಲು.

ಗೀರುಗಳನ್ನು ಎರಡು ಸಲ ಎಣಿಸಿದೆ. ಆಮೇಲೆ ಎರ್ರಮುನ್‌ನನ್ನು ಕೇಳಿದೆ, ಇದನ್ನು ಎಲ್ಲಿಂದ ಎತ್ತಿದೆ ಎಂದು. ನನ್ನ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೇ ಗುರುತು ಹತ್ತಲಿಲ್ಲ.

"ಕೆಳಗಿಂದ. ಒರತೆ ಕೆಳಗಡೆ ಕೊರಕಲು ಇದ್ಯಲ್ಲ, ಆ ಕಡೆಯಿಂದ. ಅಲ್ಲಿ ಕಲ್ಲು ಒಳ್ಳೇದು." ಗೀರುಗಳ ಮೇಲೆ ಬೆರಳಾಡಿಸಿದ. "ಇದನ್ನ ನೋಡಿದ್ದೆ. ಯಾರೋ ಕುರಿ ಎಣಿಸಿ ಗೀರು ಹಾಕಿರೋದು ಅಂದ್ಕೊಂಡೆ."

"ಕೊರಕಲಿನ ಯಾವ ಕಡೆ?"

ಯೋಚಿಸಿದ. "ಎರಡೂ ಕಡೆ ಆರಿಸಿದೆ."

ತನ್ನ ನೀರಿನ ಸಾಕ್ಷಿಯನ್ನು ತಾನೇ ಕಿತ್ತು, ಕತ್ತೆಯ ಮೇಲೆ ಹೇರಿ, ಸಾವಿರ ಅಡಿ ಮೇಲಕ್ಕೆ ಹೊತ್ತು ತಂದು ನನಗೆ ಉಡುಗೊರೆ ಕೊಟ್ಟಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅಳು ಬಂದ ಹಾಗಾಯಿತು, ಅದೂ ಸಿಟ್ಟೇ ಇರಬೇಕು.

ಸೆಪ್ಟೆಂಬರ್ ೭. ಸೋಮವಾರ

ಗುಪ್ಪೆ ಹಳೆಯ ಗುರುತಿಗೆ ಬಂದ ಮೇಲೆ ಮೂರು ಗೆರೆಯೂ ಒಂದೇ ಚುಕ್ಕೆಯಲ್ಲಿ ಕೂಡಿದವು. ಒಂದು ತಿಂಗಳು ಕಾದದ್ದು, ಈಗ ಸಂತೋಷವಿಲ್ಲ.

ಸರಪಳಿಯ ಲೆಕ್ಕವೂ ಮುಗಿಯಿತು. ಸುತ್ತಲಿನ ನಾಲ್ಕು ಮೂಲೆಗಳಿಂದ ಅಳೆದು ಹಂಚಿದರೆ ಗೆರೆ ಒರತೆಯ ಪಶ್ಚಿಮಕ್ಕೆ ಹನ್ನೊಂದು ಗಜದಲ್ಲಿ ಹೋಗುತ್ತದೆ. ಅಂದರೆ ಒರತೆ ೨೩ರಲ್ಲಿ. ಕಂಪನಿಗೆ. ಮೂರು ಸಲ ಲೆಕ್ಕ ಹಾಕಿದೆ, ತಪ್ಪಿರಲಿ ಎಂದು ಹಾರೈಸುತ್ತಾ. ಜೀವನದಲ್ಲಿ ಮೊದಲ ಸಲ.

ಒಂದೇ ದಾರಿ ಉಳಿದಿದೆ. ಕಲ್ಲನ್ನು ಅದರ ಜಾಗದಲ್ಲಿ ಕಂಡವನು ಪ್ರಮಾಣ ಮಾಡಿ, ಎರಡೂ ಕಡೆಯವರ ಎದುರು ಜಾಗ ತೋರಿಸಿದರೆ ಲೆಕ್ಕದ ಗೆರೆಗಿಂತ ಅದೇ ಹೆಚ್ಚು. ಅದಕ್ಕೆ ಸರ್ಕಾರಿ ನಮೂನೆ ಇದೆ. ಎಲ್ಲಿ ತೋರಿಸಿದರೆ ಏನಾಗುತ್ತದೆ ಎಂದು ಸಾಕ್ಷಿಗೆ ಸರ್ವೇಯರ್ ಹೇಳಕೂಡದು. ಸುಳಿವೂ ಕೊಡಕೂಡದು. ಕಂಡವನು ಎರ್ರಮುನ್ ಒಬ್ಬನೇ. ಪೂರ್ವ ಯಾರಿಗೆ, ಪಶ್ಚಿಮ ಯಾರಿಗೆ, ಅವನಿಗೆ ಗೊತ್ತಿಲ್ಲ. ನಕ್ಷೆಯನ್ನು ತಲೆಕೆಳಗು ಹಿಡಿದರೂ ಅವನಿಗೆ ಒಂದೇ.

ಕಂಪನಿಗೆ ಕಾಗದ ಬರೆದೆ. ಸೋಮವಾರ ೧೪ ಎಂದು.

ಸೆಪ್ಟೆಂಬರ್ ೧೦

ಗ್ರಾಶಿ ಬಂದಿದ್ದಳು, ಒಬ್ಬಳೇ, ನಾಯಿಯ ಜೊತೆ. ಬಗಲಲ್ಲಿ ಬ್ರೆಡ್.

"ಯಾವ ಕಡೆ ಅಂತ ಒಂದು ಮಾತು ಹೇಳಿ ಸಾಕು."

"ಹೇಳೋ ಹಾಗಿಲ್ಲ, ತಾಯಿ."

"ಎಲ್ಲಿ ಎತ್ತಿದ್ರೋ ಅವರಿಗೆ ನೆನಪಿಲ್ಲ. ಮೂರು ದಿನದಿಂದ ಅಲ್ಲೇ ಅಲೀತಾರೆ. ಊಟಕ್ಕೂ ಬರಲ್ಲ. ನೆನಪಿದ್ರೆ ನಾನು ಯಾಕೆ ಬರ್ತಿದ್ದೆ?"

"ನಾನು ಹೇಳಿದ್ರೆ ಸಾಕ್ಷಿಯೇ ಬಿದ್ದುಹೋಗತ್ತೆ."

"ಯಾರಿಗೆ ಗೊತ್ತಾಗತ್ತೆ?"

ಆಕೆ ಅಲ್ಲೇ ಕೂತು ಬ್ರೆಡ್ ಕುಯ್ದಳು. ಮೊದಲ ತುಂಡು ನಾಯಿಗೆ. ಎರಡನೆಯದು ವಿಲ್ಲಿಸ್‌ಗೆ. ಮೂರನೆಯದನ್ನು ನನ್ನ ಮುಂದೆ ತಟ್ಟೆಯಲ್ಲಿ ಇಟ್ಟು ಎದ್ದು ಹೋದಳು.

"ನಾನಾಗಿದ್ರೆ ಹೇಳ್ಬಿಡ್ತಿದ್ದೆ," ಎಂದ ವಿಲ್ಲಿಸ್, ಬಾಯಿ ತುಂಬ ಬ್ರೆಡ್ ಇಟ್ಟುಕೊಂಡು.

"ನಿಂಗೇನು, ಸಹಿ ನಂದು."

"ಅದೇ. ನಿಮ್ಮ ಸಹಿ ಇರೋ ಕಾಗದ ನಮ್ಮ ಜನಾನೂ ಬೇಕಾದಷ್ಟು ನೋಡಿದಾರೆ."

ಮಧ್ಯಾಹ್ನ ಹೋಗಿ ಕೊರಕಲಿನ ಎರಡೂ ದಡ ನೋಡಿ ಬಂದೆ. ಕಲ್ಲು ಎತ್ತಿದ ಗುಳಿ ಈ ಕಡೆ ಆರು, ಆ ಕಡೆ ಒಂಬತ್ತು. ಎಲ್ಲ ಗಾಳಿಮರಳಿನಿಂದ ಅರ್ಧರ್ಧ ತುಂಬಿವೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ನಿಜ ಏನೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಸೆಪ್ಟೆಂಬರ್ ೧೪. ಸೋಮವಾರ, ಮಧ್ಯಾಹ್ನ ೩

ಮುಗಿಯಿತು. ನಮೂನೆ ನಾಳೆ ಬೆಳಗಿನ ಟಪಾಲಿಗೆ ಹೋಗಬೇಕು.

ಹತ್ತು ಗಂಟೆಗೆ ಎಲ್ಲರೂ ಸೇರಿದೆವು. ಕಂಪನಿಯ ಮೇಸ್ತ್ರಿ ಟಕರ್ ಟ್ರಕ್ಕಿನಲ್ಲಿ ಬಂದ, ಸಭ್ಯ ಮನುಷ್ಯ, ಎಲ್ಲರ ಕೈ ಕುಲುಕಿದ. ಗ್ರಾಶಿ ಕಪ್ಪು ಉಡುಪು ಹಾಕಿಕೊಂಡಿದ್ದಳು. ಎರ್ರಮುನ್ ಕ್ಷೌರ ಮಾಡಿಕೊಂಡು ಬಂದಿದ್ದ, ಗಲ್ಲದಲ್ಲಿ ಎರಡು ಕಡೆ ಗಾಯ. ಪ್ರಮಾಣ ಮಾಡಿಸಿದೆ. ಕೈಗೆ ಗೂಟ ಕೊಟ್ಟೆ.

"ಕಲ್ಲು ಎತ್ತಿದ ಜಾಗದಲ್ಲಿ ನೆಡು."

ಅವನು ಕೊರಕಲಿನ ಪಶ್ಚಿಮದ ದಡದಲ್ಲಿ ನಡೆಯತೊಡಗಿದ. ನಾವು ಇಪ್ಪತ್ತು ಗಜ ಮೇಲೆ ನಿಂತಿದ್ದೆವು. ಒಂದು ಗುಳಿಯ ಹತ್ತಿರ ನಿಂತ, ನೆಲ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಇನ್ನೊಂದು ಗುಳಿ. ಮತ್ತೆ ನನ್ನ ಮುಖ. ಆಗ ಅರ್ಥವಾಯಿತು. ಅವನು ನೆಲದಲ್ಲಿ ಹುಡುಕುತ್ತಿರಲಿಲ್ಲ.

ಮುಖ ಕಲ್ಲು ಮಾಡಿಕೊಂಡೆ. ಅದೂ ಸಾಲದು ಅನ್ನಿಸಿ ತಲೆ ತಗ್ಗಿಸಿ ನಮೂನೆ ಓದುತ್ತಾ ನಿಂತೆ. ಒಂದೇ ಸಾಲನ್ನು ಹತ್ತು ಸಲ. ಟಕರ್ ಅವನನ್ನೇ ನೋಡುತ್ತಿದ್ದ, ನನ್ನನ್ನಲ್ಲ. ಹೆಜ್ಜೆ ಸದ್ದು ಪಶ್ಚಿಮದ ದಡದಲ್ಲೇ ಹೋಯಿತು, ಬಂತು, ನಿಂತಿತು. ಗೂಟದ ತುದಿ ನೆಲಕ್ಕೆ ತಾಗಿದ್ದು ಕೇಳಿಸಿತು. ಅಲ್ಲಿ ನೆಟ್ಟರೆ ಒರತೆ ಕಂಪನಿಗೆ. ತಲೆ ಎತ್ತಲಿಲ್ಲ. ದೇವರಾಣೆ ಎತ್ತಲಿಲ್ಲ.

ಗೂಟ ಹೊಡೆಯುವ ಸದ್ದು ಬರಲಿಲ್ಲ. ಮತ್ತೆ ಹೆಜ್ಜೆ. ಜಲ್ಲಿ ಜಾರಿದ ಸದ್ದು, ಕೊರಕಲಿಗೆ ಇಳಿದ. ಹತ್ತಿದ. ಪೂರ್ವದ ದಡ.

ಅಲ್ಲಿ ಅವನು ಎರಡನೇ ಗುಳಿಯ ಹತ್ತಿರ ಬಂದಾಗ ನಾನು ಅವನನ್ನೇ ನೋಡುತ್ತಿದ್ದೆ. ಯಾವಾಗ ತಲೆ ಎತ್ತಿದೆನೋ ಗೊತ್ತಿಲ್ಲ. ಎತ್ತಬೇಕೆಂದು ಎತ್ತಲಿಲ್ಲ. ಅವನ ಕಣ್ಣು ನನ್ನ ಕಣ್ಣು ಸೇರಿದವು.

"ಇಲ್ಲೇ," ಎಂದ. ಮೂರು ಏಟಿಗೆ ಗೂಟ ಇಳಿಸಿದ. ಆಮೇಲೆ ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಟಕರ್ ಸಹಿ ಹಾಕಿದ. "ನೆನಪು ಚುರುಕಾಗಿದೆ ಮುದುಕನಿಗೆ," ಎಂದ, ಕಹಿಯಿಲ್ಲದೆಯೇ. ವಿಲ್ಲಿಸ್ ಎರಡನೇ ಸಾಕ್ಷಿ. ಸಹಿ ಹಾಕುವ ಮೊದಲು ನನ್ನ ಹತ್ತಿರ ಬಗ್ಗಿ ಮೆಲ್ಲಗೆ, "ನೀವು ತಲೆ ಎತ್ತಿದ್ದನ್ನ ನಾನು ನೋಡಿದೆ," ಎಂದ. ಆಮೇಲೆ ಸಹಿ ಹಾಕಿದ.

ಉಳಿದಿರುವುದು ನನ್ನದು. ನಮೂನೆಯ ಕಡೆಯ ಪ್ರಶ್ನೆ: ಸಾಕ್ಷಿಗೆ ಸರ್ವೇಯರ್ ಮಾತಿನಿಂದಾಗಲಿ ಚರ್ಯೆಯಿಂದಾಗಲಿ ಸೂಚನೆ ಕೊಟ್ಟಿರುವುದುಂಟೆ? ಹೌದು, ಇಲ್ಲ — ಒಂದನ್ನು ಹೊಡೆದುಹಾಕುವುದು. ಹೌದು ಎಂದರೆ ಗೂಟ ಕೀಳುತ್ತಾರೆ, ಹನ್ನೊಂದು ಗಜದ ಲೆಕ್ಕವೇ ನಿಲ್ಲುತ್ತದೆ, ಎರ್ರಮುನ್ ಕುರಿಗಳನ್ನು ಹೊಡೆದುಕೊಂಡು ಎಲ್ಕೊಗೆ ಮಾರಲು ಹೋಗುತ್ತಾನೆ. ಇಲ್ಲ ಎಂದರೆ... ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ. ಒಂದು ಗಜವನ್ನೂ ಆಚೆ ಈಚೆ ಮಾಡಿದವನಲ್ಲ.

ಒಂದು ಗಂಟೆಯಿಂದ ಹೀಗೇ ಕೂತಿದ್ದೇನೆ. ತಲೆ ಎತ್ತುವುದು ಸೂಚನೆಯೇ? ಕತ್ತು ನೋಯುತ್ತಿತ್ತು ಎನ್ನಬಹುದು. ನೋಯುತ್ತಿತ್ತೇ? ವಿಲ್ಲಿಸ್ ಹೊರಗೆ ಹೇಸರಗತ್ತೆಗೆ ನೀರು ಕುಡಿಸುತ್ತಿದ್ದಾನೆ, ಏನೂ ಕೇಳುತ್ತಿಲ್ಲ. ಕೇಳಿದ್ದರೆ ವಾಸಿಯಿತ್ತು, ಕೂಗಾಡುತ್ತಿದ್ದೆ. ಪೆನ್ನಿಗೆ ಶಾಯಿ ತುಂಬಿದೆ. ನಮೂನೆಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟೆ. ನಾನು "ಹೌದು" ಎಂಬುದರ ಮೇಲೆ ಗೆರೆ ಎಳೆದು ಸಹಿ ಹಾಕಿದೆ.